ಮೊಳೆಗೆ ಬಿದ್ದ ಬಿಲ್ಲೆ

ಮದುವೆ ಮನೆಗಳಲ್ಲಿ ಯಾರಾದರೂ ನನ್ನನ್ನು ತೋರಿಸಿ, ಇವರು ಮೂವತ್ತು ವರ್ಷ ಚಿನ್ನದ ಗಣಿಗೆ ಇಳಿದವರು, ಗಟ್ಟಿ ಗುಂಡಿಗೆಯವರು ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಗುಂಡಿಗೆ ಎಂಥದ್ದು ಎಂದು ನನಗೆ ಗೊತ್ತು. ನನಗಿಂತ ಪುಕ್ಕಲ ಆ ಗಣಿಯಲ್ಲಿ ಇನ್ನೊಬ್ಬ ಇರಲಿಲ್ಲ. ಆ ಪುಕ್ಕಲುತನಕ್ಕೆ ಬೆಲೆ ತೆತ್ತವನು ಮಾತ್ರ ಬೇರೆಯವನು. ಮದುವೆ ಊಟದ ಪಂಕ್ತಿಯಲ್ಲಿ ಕೂತು ಹೇಳುವ ವಿಷಯ ಅದಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ನನ್ನ ಹೆಸರು ಆಂಜಿನಪ್ಪ. ಬೇತಮಂಗಲದ ಕೆರೆಯ ಕೆಳಗಿನ ಒಂದು ಹಳ್ಳಿಯವನು. ಅಪ್ಪ ಬಚ್ಚಪ್ಪ ಕುರಿ ಮೇಯಿಸುತ್ತಿದ್ದ, ಜೊತೆಗೆ ಒಂದಿಷ್ಟು ರಾಗಿ ಹೊಲ ಇತ್ತು. ನನಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮೇಷ್ಟ್ರೊಬ್ಬರು ಗಣಿ ತರಬೇತಿ ಶಾಲೆಗೆ ಅರ್ಜಿ ಹಾಕಿಸಿದರು. ಮೂರು ವರ್ಷದ ಓದು, ಪಾಸಾದರೆ ಗಣಿಯಲ್ಲೇ ಕೆಲಸ. ಅರ್ಜಿ ತುಂಬುವಾಗ ಭೂಮಿಯೊಳಗೆ ಇಳಿಯಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು; ಆದರೆ ಗೊತ್ತಿರುವುದು ಬೇರೆ, ಇಳಿಯುವುದು ಬೇರೆ. ಅವ್ವ ಕದಿರಮ್ಮ ನೀರಿಗೆ ಹೋದ ಕಡೆಯೆಲ್ಲ, ನನ್ನ ಮಗ ಚಿನ್ನ ತೆಗೆಯುವ ಓದು ಓದುತ್ತಾನೆ ಎಂದು ಹೇಳಿಕೊಂಡು ಬಂದಳು. ಅಲ್ಲಿಗೆ ಹಿಂದೆ ಸರಿಯುವ ದಾರಿ ಮುಚ್ಚಿತು.

ಇರುವುದಕ್ಕೆ ಗಣಿ ಕೆಲಸಗಾರರ ಬಡಾವಣೆ ಕೋರಮಂಡಲ್‌ನಲ್ಲಿ ಕುಪ್ಪುಸ್ವಾಮಿಯ ಮನೆ ಸಿಕ್ಕಿತು. ಅಪ್ಪ ಅಲ್ಲಿನ ಸಂತೆಗೆ ಕುರಿ ತರುತ್ತಿದ್ದಾಗ ಆದ ಪರಿಚಯ. ಕುಪ್ಪುಸ್ವಾಮಿ ಗಣಿಯೊಳಗೆ ಮರದ ಮೇಸ್ತ್ರಿ. ಬಂಡೆ ಸಡಿಲವಾದ ಕಡೆ ದಿಮ್ಮಿ ನಿಲ್ಲಿಸಿ ಮೇಲಿನ ಭಾರ ತಡೆಯುವ ಕೆಲಸ. ನಲವತ್ತೈದರ ಆಸುಪಾಸಿನ ಆಳು, ಮಾತು ಕಡಿಮೆ, ಬಾಯಲ್ಲಿ ಸದಾ ಎಲೆಅಡಿಕೆ. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಅವನ ಹೆಂಡತಿ ಮಾರಿಯಮ್ಮ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ತಮ್ಮದರ ಮುಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟು, ಮೊದಲ ವಾರದಲ್ಲೇ ನನಗೆ ಮೊಸರಿಗಿಂತ ಮಜ್ಜಿಗೆ ಇಷ್ಟ ಎಂದು ಕಂಡುಹಿಡಿದಳು. ಇಬ್ಬರೂ ನನ್ನನ್ನು, ತಮಿಳಿನಲ್ಲಿ ತಮ್ಮ ಎನ್ನುವಂತೆ, ತಂಬಿ ಎಂದೇ ಕರೆಯುತ್ತಿದ್ದರು. ನನಗೆ ಅವರು ಕುಪ್ಪಣ್ಣ, ಮಾರಿಯಕ್ಕ.

ಮೊದಲ ವರ್ಷ ಪಾಠ, ನಕ್ಷೆ, ಅಳತೆ. ಎಲ್ಲದರಲ್ಲೂ ನಾನೇ ಮುಂದು. ಎರಡನೆಯ ವರ್ಷ ನೂರು ಶಿಫ್ಟು ಗಣಿಯೊಳಗೆ ಇಳಿದಿರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. 1961ರ ಮೇ ತಿಂಗಳಲ್ಲಿ ನಾನು ಮೊದಲ ಬಾರಿ ಕೇಜ್ ಹತ್ತಿದೆ. ಕಬ್ಬಿಣದ ಪೆಟ್ಟಿಗೆ, ಸುತ್ತ ಜಾಲರಿ, ಉಸಿರಿಗೆ ಉಸಿರು ತಾಗುವಷ್ಟು ಜನ. ಗಂಟೆ ಹೊಡೆಯಿತು. ಕಾಲ ಕೆಳಗಿದ್ದ ನೆಲ ಹೊರಟೇ ಹೋಯಿತು. ಕಿವಿ ಕಟ್ಟಿತು, ಬಿಸಿಗಾಳಿ ಕೆಳಗಿನಿಂದ ಮುಖಕ್ಕೆ ಹೊಡೆಯತೊಡಗಿತು. ಪಕ್ಕದಲ್ಲಿದ್ದವರು ಬೀದಿ ನಲ್ಲಿಯ ಜಗಳದ ವಿಷಯ ಮಾತಾಡುತ್ತಿದ್ದರು. ಕುಪ್ಪಣ್ಣ ಮಾತ್ರ ಮಾತಾಡದೆ ಎಲೆಅಡಿಕೆ ಜಗಿಯುತ್ತಿದ್ದ. ನಾನು ಜಾಲರಿಯ ಕಂಬಿ ಹಿಡಿದಿದ್ದೆ. ಕೆಳಗೆ ಇಳಿದ ಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ಹಾಗೂ ಹೀಗೂ ಹತ್ತು ಶಿಫ್ಟು ಕಳೆದೆ. ಹನ್ನೊಂದನೆಯದರಲ್ಲಿ ಕುಪ್ಪಣ್ಣ ನನ್ನನ್ನು ಸುರಂಗದೊಳಗೆ ಕರೆದುಕೊಂಡು ಹೋಗಿ ಬಂಡೆಯ ಸದ್ದು ಕೇಳುವುದನ್ನು ಕಲಿಸುತ್ತಿದ್ದ. ಉದ್ದ ಹಾರೆಯಿಂದ ನೆತ್ತಿಯ ಬಂಡೆಗೆ ತಟ್ಟಬೇಕು. ಠಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಳಗೆ ಬಿಟ್ಟುಕೊಂಡಿದೆ. ಅವನು ತಟ್ಟುತ್ತಿರುವಾಗಲೇ ಪಕ್ಕದ ಗೋಡೆ ತನ್ನಷ್ಟಕ್ಕೆ ತಾನೇ ಚಟ್ ಎಂದಿತು. ಅಂಗೈ ಅಗಲದ ಚಕ್ಕೆಯೊಂದು ಹಾರಿ ನನ್ನ ಟೋಪಿಗೆ ಬಡಿಯಿತು. ಯಾರೂ ಮುಟ್ಟದ ಕಲ್ಲು ತಾನಾಗಿ ಸಿಡಿದಿತ್ತು. ಆಳದಲ್ಲಿ ಬಂಡೆಯ ಮೇಲೆ ಭಾರ ಹೆಚ್ಚು, ಅದು ಹೀಗೆ ಸಿಡಿಯುತ್ತದೆ, ಚಿಕ್ಕದಾದರೆ ಚಕ್ಕೆ, ದೊಡ್ಡದಾದರೆ ಸುರಂಗವೇ ಮುಚ್ಚುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಪುಸ್ತಕದಲ್ಲಿ ಅದು ಎಂಟು ಸಾಲು ಇತ್ತು. ಇಲ್ಲಿ ನನ್ನ ಚಡ್ಡಿ ಒದ್ದೆಯಾಗಿತ್ತು. ಕುಪ್ಪಣ್ಣ ನೋಡಿದ, ನೋಡದವನಂತೆ ಮುಖ ತಿರುಗಿಸಿದ.

ಮರುದಿನದಿಂದ ನಾನು ಇಳಿಯಲಿಲ್ಲ.

ಇಳಿಯದೆ ಇರುವುದು ಕಷ್ಟವೇನಾಗಿರಲಿಲ್ಲ. ಕೇಜ್ ಇಳಿಯುವ ಬಾವಿಗೆ ಶಾಫ್ಟು ಎನ್ನುತ್ತಾರೆ; ಶಾಫ್ಟಿನ ಬಾಯಿಯ ಹತ್ತಿರ ಒಂದು ಕಿಟಕಿ, ಅದರ ಹಿಂದೆ ಮೊಳೆ ಹೊಡೆದ ದೊಡ್ಡ ಹಲಗೆ. ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಕಿಟಕಿಯಲ್ಲಿ ಕೊಡಬೇಕು. ಗುಮಾಸ್ತ ಶ್ರೀನಿವಾಸಪ್ಪ ಅದನ್ನು ಮೊಳೆಗೆ ಹಾಕುತ್ತಿದ್ದರು. ಮೇಲೆ ಬಂದವನು ಬಿಲ್ಲೆ ವಾಪಸು ತೆಗೆದುಕೊಳ್ಳಬೇಕು. ಮೊಳೆಯಲ್ಲಿ ಬಿಲ್ಲೆ ಇದ್ದರೆ ಆಳು ಕೆಳಗಿದ್ದಾನೆ ಎಂದರ್ಥ. ನನ್ನದು ಮುನ್ನೂರ ಹದಿನೇಳು. ನಾನು ಬಿಲ್ಲೆ ಕೊಟ್ಟು, ಕುಪ್ಪಣ್ಣ ಮೊದಲ ಕೇಜಿನಲ್ಲಿ ಇಳಿಯುವವರೆಗೆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದೆ. ರಾತ್ರಿ ಪಾಳಿಯವರು ಮೇಲೆ ಬಂದು ಗುಂಪಾಗಿ ಹೊರಟಾಗ ಟೋಪಿ ದೀಪ ಎಲ್ಲ ಚೀಲಕ್ಕೆ ತುರುಕಿ ಅವರ ನಡುವೆ ಸೇರಿ ಆಚೆ ಬಂದುಬಿಡುತ್ತಿದ್ದೆ. ಮಧ್ಯಾಹ್ನ ಮೂರಕ್ಕೆ ಹಿಂದಿರುಗಿ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬದಿಂದ ಹಿಡಿ ಮಣ್ಣನ್ನು ಮುಖಕ್ಕೂ ಕತ್ತಿಗೂ ಬಳಿದುಕೊಂಡು, ಮೇಲೆ ಬಂದವರ ಜೊತೆ ನಿಂತು ಬಿಲ್ಲೆ ಇಸಿದುಕೊಳ್ಳುತ್ತಿದ್ದೆ. ಆ ಸುಳ್ಳು ಮಣ್ಣು ತೊಳೆಯಲು ಮಾರಿಯಕ್ಕ ದಿನವೂ ಬಿಸಿನೀರು ಕಾಯಿಸಿಡುತ್ತಿದ್ದಳು.

ಹಗಲಿಡೀ ಕೋರಮಂಡಲ್‌ನಲ್ಲಿ ಇದ್ದರೆ ಯಾರಾದರೂ ನೋಡುತ್ತಾರೆ. ಅದಕ್ಕೇ ಬೆಳಗಿನ ಗಾಡಿ ಹತ್ತಿ ಬಂಗಾರಪೇಟೆಗೆ ಹೋಗಿ, ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ಪುಸ್ತಕ ಬಿಡಿಸಿ ಕೂರುತ್ತಿದ್ದೆ. ಹೇಳಿದರೆ ನಗುತ್ತೀರಿ, ಗಣಿಯ ಬಗ್ಗೆ ನಾನು ಅಷ್ಟು ಚೆನ್ನಾಗಿ ಓದಿದ್ದು ಆ ಬೆಂಚಿನ ಮೇಲೆಯೇ. ಗಾಳಿ ಹಾಯಿಸುವುದು, ಮರ ನಿಲ್ಲಿಸುವುದು, ಅಪಘಾತವಾದರೆ ಹುಡುಕುವುದು, ಎಲ್ಲ ಬಾಯಿಪಾಠ. ಬಂಡೆ ಕುಸಿದು ಸಿಕ್ಕಿಬಿದ್ದವನು ಗಾಳಿಯ ಪೈಪಿಗೆ ಕಲ್ಲಿನಿಂದ ಐದು ಸಲ ಬಡಿಯಬೇಕು, ನಿಲ್ಲಿಸಬೇಕು, ಮತ್ತೆ ಐದು. ಹುಡುಕುವವರು ಮೂರು ಬಡಿದು ಉತ್ತರ ಕೊಡಬೇಕು. ತಿಂಗಳ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಬೆಂಚಿನ ಪಕ್ಕ ಕಡಲೆಕಾಯಿ ಮಾರುತ್ತಿದ್ದ ಅಮ್ಮಾಜಮ್ಮ ಎಂಬ ಮುದುಕಿ ನನ್ನನ್ನು ಓದೋ ಹುಡುಗ ಎಂದು ಕರೆಯುತ್ತ, ಆಗಾಗ ಒಂದು ಹಿಡಿ ಕಡಲೆಕಾಯಿಯನ್ನು ಪುಸ್ತಕದ ಮೇಲೆ ಇಟ್ಟು ಹೋಗುತ್ತಿದ್ದಳು.

ನೆಮ್ಮದಿ ಮಾತ್ರ ಇರಲಿಲ್ಲ. ಇಳಿದರೆ ಸಾಯುತ್ತೇನೆ ಎಂಬ ಭಯ ಹೋಗಿ, ಸಿಕ್ಕಿಬಿದ್ದರೆ ಏನು ಗತಿ ಎಂಬ ಭಯ ಬಂದಿತ್ತು. ಯಾರಾದರೂ ಹೆಸರು ಕೂಗಿದರೆ ತಿರುಗಿ ನೋಡದೆ ಹೆಜ್ಜೆ ಹಾಕುತ್ತಿದ್ದೆ. ಶ್ರೀನಿವಾಸಪ್ಪ ಕನ್ನಡಕದ ಮೇಲಿಂದ ನೋಡಿದರೆ ಸಾಕು, ಬೆವರು. ಮನೆಯಲ್ಲಿ ಕುಪ್ಪಣ್ಣ ಇವತ್ತು ಎಲ್ಲಿ ಕೆಲಸ, ಯಾರ ಜೊತೆ ಎಂದು ಕೇಳುತ್ತಿದ್ದ. ಗ್ಯಾಂಗಿನವರ ಹೆಸರು ಹೇಳಿದರೆ ಅವರನ್ನೇ ವಿಚಾರಿಸಿಬಿಡಬಹುದು. ಅದಕ್ಕೆ ನಾನು ಯಾರೂ ಕೆಲಸ ಮಾಡದ ಜಾಗ ಹುಡುಕಿದೆ. ಪಶ್ಚಿಮದ ಹಳೆಯ ಸುರಂಗದಲ್ಲಿ ನಕ್ಷೆ ಬರೆಯುತ್ತಿದ್ದೇನೆ, ಒಬ್ಬನೇ ಹೋಗಿ ಒಬ್ಬನೇ ಬರುತ್ತೇನೆ ಎಂದುಬಿಟ್ಟೆ. ಹಾಗೆ ಹೇಳುವಾಗ ಸ್ವಲ್ಪ ಎದೆಯುಬ್ಬಿಸಿಯೂ ಇದ್ದೆ.

ಕುಪ್ಪಣ್ಣ ತಟ್ಟೆಯಿಂದ ಕೈ ತೆಗೆದ.

“ತಂಬಿ, ಅಲ್ಲಿ ಬಂಡೆ ಸರಿಯಿಲ್ಲ. ಒಬ್ನೇ ಓಗ್ಬೇಡ. ಓಗ್ಲೇಬೇಕು ಅಂದ್ರೆ ನಂಗೆ ಏಳು, ನಾನು ಬತ್ತೀನಿ.”

ಆಗಲಿ ಅಣ್ಣ ಎಂದೆ. ಮಾರನೆಯ ದಿನ ಬೆಳಗ್ಗೆ, ಇದೊಂದು ದಿನ ಒಬ್ಬನೇ ಹೋಗಿ ಮುಗಿಸಿಬಿಡುತ್ತೇನೆ ಎಂದು ಮತ್ತೆ ಅದೇ ಸುಳ್ಳು ಹೇಳಿ, ಬಿಲ್ಲೆ ಕೊಟ್ಟು, ಬಂಗಾರಪೇಟೆಗೆ ಹೋದೆ. ಅದು ನಾನು ಇಳಿಯದ ಹದಿನಾಲ್ಕನೆಯ ಶಿಫ್ಟು.

ಒಂಬತ್ತೂವರೆ ಹೊತ್ತಿಗೆ ಬೆಂಚು ಒಮ್ಮೆ ಮೆಲ್ಲಗೆ ಅದುರಿತು. ಗೂಡ್ಸ್ ಗಾಡಿ ಬರುತ್ತಿರಬೇಕು ಎಂದುಕೊಂಡೆ. ಯಾವ ಗಾಡಿಯೂ ಬರಲಿಲ್ಲ. ಹನ್ನೊಂದರ ಸುಮಾರಿಗೆ ಗಣಿ ಕಡೆಯ ಗಾಡಿ ಬಂದು ನಿಂತಿತು. ಇಳಿದವರ ಮುಖದಲ್ಲಿ ಕಳೆ ಇರಲಿಲ್ಲ. ಅಮ್ಮಾಜಮ್ಮ ಬುಟ್ಟಿ ಇಟ್ಟು ಒಬ್ಬಿಬ್ಬರನ್ನು ವಿಚಾರಿಸಿ ನನ್ನ ಹತ್ತಿರ ಬಂದಳು. ಬಂಡೆ ಸಿಡಿದಿದೆಯಂತೆ, ಕೋರಮಂಡಲ್ ಲೈನಿನಲ್ಲಿ ಪಾತ್ರೆಗಳೆಲ್ಲ ಗೂಡಿನಿಂದ ಬಿದ್ದುವಂತೆ, ಎಲ್ಲರೂ ಮೇಲೆ ಬಂದರಂತೆ ಎಂದಳು. ನಾನು ಉಸಿರು ಬಿಟ್ಟೆ.

“ಒಬ್ಬ ಮಾತ್ರ ಸಿಕ್ಕಾಕ್ಕೊಂಡವ್ನಂತೆ ಕಣಪ್ಪ,” ಎಂದಳು. “ಓದೋ ಹುಡುಗನಂತೆ, ನಿನ್ ವಯಸ್ಸೇ. ಅವ್ನ ಬಿಲ್ಲೆ ಇನ್ನೂ ಮೊಳೇಲೇ ಐತಂತೆ.”

ಕೈಯಲ್ಲಿದ್ದ ಪುಸ್ತಕ ಜಾರಿ ಬಿತ್ತು. ಅಮ್ಮಾಜಮ್ಮ ಅದನ್ನೆತ್ತಿ, ಸೆರಗಿನಿಂದ ಧೂಳು ಒರೆಸಿ ನನ್ನ ತೊಡೆಯ ಮೇಲಿಟ್ಟಳು. ಆ ಹುಡುಗನ ತಾಯಿಗೆ ಯಾರು ಹೇಳುತ್ತಾರೋ ಎಂದು ಮರುಗಿದಳು.

ಎದುರಿನ ಹಳಿಯಲ್ಲಿ ಮದ್ರಾಸಿನ ಗಾಡಿ ನಿಂತಿತ್ತು. ನನಗೆ ಮೊದಲು ಬಂದ ಯೋಚನೆ ಏನು ಎಂಬುದನ್ನು ಮುಚ್ಚಿಡುವುದಿಲ್ಲ: ಹತ್ತಿಬಿಡೋಣ ಎಂಬುದು. ಎಲ್ಲರೂ ನಾನು ಸತ್ತೆ ಎಂದುಕೊಳ್ಳುತ್ತಾರೆ. ಸತ್ತವನನ್ನು ಯಾರೂ ಬಯ್ಯುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದೂ ಇದ್ದೆ. ಆಗ ಗಣಿ ಗಾಡಿಯಿಂದ ಇಳಿದ ಒಬ್ಬ, ಕುಪ್ಪುಸ್ವಾಮಿ ಎಂಬ ಮರದ ಮೇಸ್ತ್ರಿ ಯಾರ ಮಾತೂ ಕೇಳದೆ ಆ ಹುಡುಗನನ್ನು ಹುಡುಕಲು ಕುಸಿದ ಸುರಂಗದೊಳಗೆ ನುಗ್ಗಿದ್ದಾನೆ ಎಂದು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. ನುಗ್ಗದೆ ಏನು ಮಾಡುತ್ತಾನೆ? ಹುಡುಗ ಎಲ್ಲಿದ್ದಾನೆಂದು ಗೊತ್ತಿದ್ದವನು ಅವನೊಬ್ಬನೇ. ನಾನೇ ತಾನೆ ಹೇಳಿದ್ದು. ಒಂದು ಸಲ ಸಿಡಿದ ಬಂಡೆ ಅದೇ ದಿನ ಇನ್ನೊಂದು ಸಲ ಸಿಡಿಯಬಹುದು ಎಂಬುದೂ ನನ್ನ ಪುಸ್ತಕದಲ್ಲಿತ್ತು.  ಮದ್ರಾಸಿನ ಗಾಡಿಗೆ ಬೆನ್ನು ಹಾಕಿ, ವಾಪಸು ಹೊರಟಿದ್ದ ಗಣಿ ಗಾಡಿಗೆ ಓಡಿದೆ.

ಶಾಫ್ಟಿನ ಬಾಯಿಯ ಹತ್ತಿರ ಲೈನಿನವರೆಲ್ಲ ಸೇರಿದ್ದರು. ಮಾರಿಯಕ್ಕ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದಳು. ಕಣ್ಣು ಹಲಗೆಯ ಮೇಲೆ. ಅಲ್ಲಿ ಅಲ್ಲೊಂದು ಇಲ್ಲೊಂದು ಬಿಲ್ಲೆ, ಹುಡುಕಲು ಇಳಿದವರದು. ಅವುಗಳ ನಡುವೆ ನನ್ನದು. ನನ್ನನ್ನು ಕಂಡು ಅವಳು ಕೂಗಲಿಲ್ಲ. ಎದ್ದು ಬಂದು ನನ್ನ ಮುಖ, ಭುಜ, ಅಂಗಿ ಎಲ್ಲ ಮುಟ್ಟಿ ನೋಡಿದಳು. ಅಂಗಿಯಲ್ಲಿ ಒಂದು ಚೂರು ಮಣ್ಣಿರಲಿಲ್ಲ. ಅವಳ ಕೈ ಅಲ್ಲೇ ನಿಂತಿತು.

“ನೀನು ಇಳೀಲೇ ಇಲ್ಲ,” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ನಾನು ಶ್ರೀನಿವಾಸಪ್ಪನವರ ಮುಂದೆ ಎಲ್ಲವನ್ನೂ ಬಡಬಡಿಸಿದೆ. ಅವರು ಬಯ್ಯಲು ಹೊತ್ತಿಲ್ಲದೆ ಕೆಳಕ್ಕೆ ಫೋನು ಮಾಡಿದರು. ಕೆಳಗಿದ್ದ ಶಿಫ್ಟ್ ಬಾಸ್ ಕೋದಂಡಪ್ಪನವರಿಂದ ಉತ್ತರ ಬರಲು ಹತ್ತು ನಿಮಿಷವಾಯಿತು. ಹುಡುಗ ಮೇಲಿದ್ದಾನೆ ಎಂದು ಕೂಗಿ ಹೇಳಿಸಿದರಂತೆ, ಕುಪ್ಪುಸ್ವಾಮಿ ನಂಬಲಿಲ್ಲವಂತೆ. ಹುಡುಗ ಸತ್ತಿರುತ್ತಾನೆ, ಬಂದುಬಿಡು ಎಂದು ಮೊದಲು ಕೋದಂಡಪ್ಪನವರೇ ಎರಡು ಸಲ ಕೂಗಿದ್ದರು. ಈಗ ತನ್ನನ್ನು ಆಚೆ ಎಳೆಯಲು ಹೊಸ ಕಥೆ ಕಟ್ಟಿದ್ದಾರೆ ಎಂದುಕೊಂಡು, ಹುಡುಗನನ್ನು ತೋರಿಸಿದರೆ ಬರುತ್ತೇನೆ ಎಂದನಂತೆ. ಶ್ರೀನಿವಾಸಪ್ಪ ಫೋನು ಇಟ್ಟು ನನ್ನನ್ನು ನೋಡಿದರು. ಸುತ್ತ ಇದ್ದವರೆಲ್ಲ ನೋಡಿದರು. ಮಾರಿಯಕ್ಕ ಮಾತ್ರ ಕೇಜಿನ ಕಡೆ ನೋಡುತ್ತಿದ್ದಳು.

ಇಳಿದೆ. ಇಷ್ಟೇ ಬರೆದು ಮುಂದೆ ಹೋದರೆ ಮತ್ತೆ ನನ್ನನ್ನು ಧೈರ್ಯಸ್ಥ ಎಂದುಬಿಡುತ್ತೀರಿ. ಇಬ್ಬರು ನನ್ನ ತೋಳು ಹಿಡಿದು ಕೇಜಿಗೆ ಹತ್ತಿಸಬೇಕಾಯಿತು. ಬಾಗಿಲು ಹಾಕಿದಾಗ, ಬೇಡ ಎಂದು ಕೂಗಿದೆ. ಆರು ಸಾವಿರ ಅಡಿ ಇಳಿಯುವಷ್ಟು ಹೊತ್ತೂ ಹಲ್ಲು ಕಟಕಟ ಎನ್ನುತ್ತಿತ್ತು. ಆಗ ನನಗೊಂದು ವಿಷಯ ಹೊಳೆಯಿತು: ಕುಪ್ಪಣ್ಣ ಕೇಜಿನೊಳಗೆ ಎಲೆಅಡಿಕೆ ಜಗಿಯುತ್ತಿದ್ದುದು ರುಚಿಗೆ ಇರಲಿಕ್ಕಿಲ್ಲ.

ಸುರಂಗದ ಬಾಯಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ. ಕೋದಂಡಪ್ಪ ದಪ್ಪ ಆಳು, ಬೆವರಿ ತೊಪ್ಪೆಯಾಗಿದ್ದರು. ಮುಂದೆ ನೋಡಿದರೆ ದಾರಿಯೇ ಇಲ್ಲ. ನೆಲದಿಂದ ನೆತ್ತಿಯವರೆಗೆ ಕಲ್ಲುರಾಶಿ, ಬೆಂಕಿಕಡ್ಡಿಯ ಹಾಗೆ ಮುರಿದ ದಿಮ್ಮಿಗಳು. ರಾಶಿಯ ಮೇಲ್ಭಾಗದಲ್ಲಿ ಒಬ್ಬ ಸಣಕಲು ಮನುಷ್ಯ ತೆವಳಿ ಹೋಗುವಷ್ಟು ಒಂದು ಕಿಂಡಿ. ಕುಪ್ಪಣ್ಣ ಅದರಲ್ಲಿ ಹೋಗಿದ್ದ. ಮೊದಲು ಮಾತಿಗೆ ಸಿಗುತ್ತಿದ್ದ, ಈಗ ಇನ್ನೂ ಒಳಗೆ ಹೋಗಿದ್ದಾನೆ ಎಂದರು. ಒಳಗಿರುವವನಿಗೆ ಉಸಿರಾಡಲು ಇರಲಿ ಎಂದು ಪೈಪಿನ ಗಾಳಿಯನ್ನು ಪೂರ್ತಿ ತೆರೆದಿದ್ದರು. ಅದು ಒಳಗೆಲ್ಲೋ ಒಡೆದ ಬಾಯಿಂದ ಬುಸ್ಸೆಂದು ಹೊಡೆಯುತ್ತ, ನಾವು ಎಷ್ಟು ಕೂಗಿದರೂ ನುಂಗಿಬಿಡುತ್ತಿತ್ತು. ಗಾಳಿ ನಿಲ್ಲಿಸಿದರೆ ಕುಪ್ಪಣ್ಣನಿಗೇ ಉಸಿರು ಸಾಲದೆ ಹೋಗಬಹುದು.

ಆಗ ನಾನು ಮಾಡಿದ ಕೆಲಸವನ್ನು ಪುಸ್ತಕ ಓದಿದ ಮುಠ್ಠಾಳ ಮಾತ್ರ ಮಾಡುತ್ತಾನೆ. ಕೋದಂಡಪ್ಪ ಇನ್ನೂ ಯೋಚಿಸುತ್ತಿರುವಾಗಲೇ ನಾನು ಕಾಲ ಕೆಳಗಿನ ಕಲ್ಲೊಂದನ್ನು ಎತ್ತಿಕೊಂಡು ಪೈಪಿಗೆ ಬಡಿದೆ. ಕೈ ತಾನಾಗಿ ಬಡಿಯಿತು, ಬಂಗಾರಪೇಟೆಯ ಬೆಂಚಿನ ಮೇಲೆ ಬಾಯಿಪಾಠ ಮಾಡಿದ ಹಾಗೆ. ಐದು. ನಿಲ್ಲಿಸಿದೆ. ಮತ್ತೆ ಐದು.

ಒಳಗಿನಿಂದ ಮೂರು ಬಡಿತ ಬಂತು.

ಕೇಳಿಸಿತು ಎಂದು ನಾನು ಕುಣಿಯುವುದೊಂದು ಬಾಕಿ. ಇನ್ನೂ ಐದು ಬಡಿದೆ. ಮತ್ತೆ ಮೂರು ಬಂತು, ಬೇಗ ಬೇಗ. ಅದರ ಹಿಂದೆಯೇ ಕಲ್ಲು ಎತ್ತಿ ಎಸೆಯುವ ಸದ್ದು ಪೈಪಿನಲ್ಲಿ ಹರಿದುಬಂತು. ಕೋದಂಡಪ್ಪ ನನ್ನ ಕೈಯಿಂದ ಕಲ್ಲು ಕಿತ್ತುಕೊಂಡರು.

“ಏನ್ಲಾ ಮಾಡ್ದೆ ನೀನು? ಐದು ಒಡೆದ್ರೆ ಸಿಕ್ಕಾಕ್ಕೊಂಡವ್ನು ಅಂತ ಅರ್ಥ ಅಲ್ವೇನ್ಲಾ? ನೀನು ಅಲ್ಲೇ ಎಲ್ಲೋ ಬದುಕಿದ್ದೀಯ ಅಂತ ಅವ್ನು ಇನ್ನೂ ಒಳಕ್ಕೆ ಅಗೀತಾವ್ನೆ.”

ಬೆಳಗ್ಗೆ ಬಾಯಿಂದ ಹೇಳಿದ ಸುಳ್ಳನ್ನೇ ಈಗ ಕೈಯಿಂದ ಇನ್ನೊಂದು ಸಲ ಹೇಳಿದ್ದೆ. ಕೋದಂಡಪ್ಪ ತಾವೇ ಮೂರು ಬಡಿದು ನೋಡಿದರು, ಅದು ಹುಡುಕುವವರದು ತಾನೆ ಎಂದುಕೊಂಡು ಕುಪ್ಪಣ್ಣ ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ. ಕಲ್ಲಿನ ಸದ್ದು ನಿಲ್ಲಲಿಲ್ಲ. ಕೋದಂಡಪ್ಪ ಕಿಂಡಿಗೆ ತಲೆ ತೂರಿಸಿದರು, ಭುಜ ಹಿಡಿಯಲಿಲ್ಲ. ಜೊತೆಯಲ್ಲಿದ್ದ ಇಬ್ಬರೂ ಅವರಷ್ಟೇ ಗಟ್ಟಿ ಆಳುಗಳು. ನಾನೋ ಹಂಚಿಕಡ್ಡಿ. ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಕಿಂಡಿಯೊಳಗೆ ಹೊಟ್ಟೆಯ ಮೇಲೆ ತೆವಳಿದೆ. ಬೆನ್ನಿಗೆ ಬಂಡೆ, ಎದೆಗೆ ಬಂಡೆ. ಉಸಿರು ಎಳೆದುಕೊಂಡರೆ ಎರಡೂ ತಾಗುತ್ತಿತ್ತು. ಟೋಪಿಯ ದೀಪದ ಬೆಳಕಿನಲ್ಲಿ ಧೂಳು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಸುತ್ತ ಚಟ್, ಚಟ್ ಎಂದು ಕಲ್ಲು ಸಿಡಿಯುತ್ತಿತ್ತು. ಒಂದೊಂದು ಸದ್ದಿಗೂ ನಾನು ಸತ್ತೆ ಎಂದುಕೊಂಡು ಮುಖವನ್ನು ನೆಲಕ್ಕೆ ಒತ್ತುತ್ತಿದ್ದೆ. ಅವ್ವನ ಹೆಸರು ಹೇಳಿ ಅತ್ತೆ. ಹಿಂದಕ್ಕೆ ಹೋಗೋಣವೆಂದರೆ ತಿರುಗಲು ಜಾಗವಿರಲಿಲ್ಲ, ಅದಕ್ಕೇ ಮುಂದೆ ಹೋದೆ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಕಿಂಡಿಯಾಚೆ ಎದ್ದು ಕೂರುವಷ್ಟು ಜಾಗ. ಅಲ್ಲಿ ಕುಪ್ಪಣ್ಣ ನನಗೆ ಬೆನ್ನು ಮಾಡಿ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಕಲ್ಲು ಎಳೆದು ಹಿಂದಕ್ಕೆ ಹಾಕುತ್ತಿದ್ದ. ಬಂದೆ ತಂಬಿ, ಬಂದೆ ತಂಬಿ ಎಂದು ಬಂಡೆಯ ಜೊತೆ ಮಾತಾಡುತ್ತಿದ್ದ. ಬೆರಳ ತುದಿಯೆಲ್ಲ ರಕ್ತ. ನಾನು ಅವನ ಬೆನ್ನು ಮುಟ್ಟಿದೆ.

ತಿರುಗಿ ನೋಡಿದವನು ಒಂದು ಕ್ಷಣ ಹೆದರಿದ. ನಾನು ಎದುರಿನ ಬಂಡೆಯೊಳಗಿದ್ದೇನೆ ಎಂದು ನಂಬಿದ್ದವನಿಗೆ ನಾನು ಹಿಂದಿನಿಂದ ಬಂದಿದ್ದೆ. ಆಮೇಲೆ ಎರಡೂ ಕೈಯಿಂದ ನನ್ನ ತಲೆ, ಕತ್ತು, ಪಕ್ಕೆ ಎಲ್ಲ ತಡವಿದ. ಎಲ್ಲಿ ಪೆಟ್ಟಾಗಿದೆ ಎಂದು ಹುಡುಕುತ್ತಿದ್ದ. ಆ ಕೈಯಲ್ಲಿದ್ದ ಅಕ್ಕರೆಯನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅವನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ.

“ಅಣ್ಣ, ನಾನು ಇಲ್ಲಿರ್ಲಿಲ್ಲ. ಇವತ್ತು ಇಳೀಲೇ ಇಲ್ಲ. ಹದಿನಾಕು ದಿನದಿಂದ ಇಳ್ದಿಲ್ಲ. ಭಯ ಆಗಿ ಬಂಗಾರಪೇಟೇಲಿ ಕೂತಿದ್ದೆ.”

ಕೈಗಳು ನಿಂತವು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ನನ್ನ ಭುಜ ಹಿಡಿದು ಕಿಂಡಿಯ ಕಡೆ ತಿರುಗಿಸಿ, ನೀನು ಮುಂದೆ ನಡಿ ಎಂದು ಕೈಸನ್ನೆ ಮಾಡಿದ. ನಾನು ತೂರಿಕೊಂಡೆ. ಅವನು ಹಿಂದೆ. ನಾನು ಅರ್ಧ ದಾರಿಯಲ್ಲಿ ನಿಂತಾಗ ನನ್ನ ಅಂಗಾಲನ್ನು ನೂಕಿದ, ಎರಡು ಸಲ. ನಾನು ಆಚೆ ಬಿದ್ದು ಕೋದಂಡಪ್ಪನವರು ನನ್ನ ತೋಳು ಎಳೆಯುತ್ತಿರುವಾಗ ಇಡೀ ಸುರಂಗ ಒಮ್ಮೆ ಮೇಲಕ್ಕೆದ್ದು ಕೆಳಗೆ ಕೂತಿತು. ದೀಪಗಳೆಲ್ಲ ಧೂಳಿನಲ್ಲಿ ಮುಚ್ಚಿಹೋದವು. ಧೂಳು ಇಳಿದಾಗ ಕಿಂಡಿಯಿಂದ ಕುಪ್ಪಣ್ಣನ ತಲೆ, ಭುಜ, ಸೊಂಟ ಆಚೆ ಬಂದಿತ್ತು. ಬಲಗಾಲು ಬಂದಿರಲಿಲ್ಲ.

ಅವನನ್ನು ಬಿಡಿಸಿ ಮೇಲೆ ತರಲು ಎರಡು ಗಂಟೆ ಹಿಡಿಯಿತು. ಮೊಣಕಾಲ ಕೆಳಗೆ ಕಾಲು ಉಳಿಯಲಿಲ್ಲ.

ನಾನೊಬ್ಬ ಹೆದರದೆ ಇದ್ದಿದ್ದರೆ, ಅಥವಾ ಹೆದರಿದ್ದೇನೆ ಎಂದು ಒಂದು ದಿನ ಬಾಯಿಬಿಟ್ಟು ಹೇಳಿದ್ದರೆ, ಆ ಕಾಲು ಇರುತ್ತಿತ್ತು. ನಾನೇ ಹೋಗಿ ಶಾಲೆಯ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಇಳಿದಿದ್ದ ಹನ್ನೊಂದು ಶಿಫ್ಟನ್ನೂ ಹೊಡೆದುಹಾಕಿ ಒಂದು ವರ್ಷ ಶಾಲೆಯಿಂದ ಹೊರಗಿಟ್ಟರು. ಮಾರಿಯಕ್ಕ ಬಯ್ಯಲಿಲ್ಲ. ನನ್ನ ಟ್ರಂಕು ಬಾಗಿಲಾಚೆ ಇಟ್ಟಿದ್ದಳು. ಒಗೆದ ಬಟ್ಟೆಗಳನ್ನು ಮಡಿಸಿ ಒಳಗೆ ಹಾಕಿಯೇ ಇಟ್ಟಿದ್ದಳು. ಊರಿಗೆ ಹೊರಡುವ ಮುಂಚೆ ಅಪ್ಪನ ಜೊತೆ ಆಸ್ಪತ್ರೆಗೆ ಹೋದೆ. ಅಪ್ಪ ಮಂಚದ ಪಕ್ಕ ಕೈಮುಗಿದು ನಿಂತ. ಕುಪ್ಪಣ್ಣ ಅವನ ಕ್ಷೇಮ ಕೇಳಿದ, ಮಳೆ ಕೇಳಿದ. ನಾವು ಎದ್ದಾಗ ನನ್ನ ಕಡೆ ತಿರುಗಿದ.

“ತಿರ್ಗಾ ಇಳೀತೀಯಾ ತಂಬಿ?”

ನಾನು ಅಪ್ಪನ ಹಿಂದೆ ಬಾಗಿಲ ಕಡೆ ನಡೆದೆ.

ಒಂದು ವರ್ಷ ಕೆರೆಯ ಕೆಳಗೆ ಅಪ್ಪನ ಕುರಿ ಮೇಯಿಸಿದೆ. ಯಾರೂ ನನ್ನನ್ನು ಮತ್ತೆ ಹೋಗು ಎನ್ನಲಿಲ್ಲ. ಅವ್ವ ಕೂಡ ಚಿನ್ನದ ಮಾತು ಬಿಟ್ಟಿದ್ದಳು. ಇಲ್ಲೇ ಇದ್ದುಬಿಡಬಹುದಿತ್ತು. ಆದರೆ ಬೆಳಗ್ಗೆ ಕಣ್ಣು ಬಿಟ್ಟರೆ ಆ ಪ್ರಶ್ನೆ ಎದುರಿಗಿರುತ್ತಿತ್ತು. ಹೆದರಿಕೆ ಕಡಿಮೆಯಾದರೆ ಹೋಗೋಣ ಎಂದು ಕಾದೆ. ಕಡಿಮೆಯಾಗಲಿಲ್ಲ. ವರ್ಷ ಮುಗಿದ ಮೇಲೆ ಹಾಗೆಯೇ ಹೋದೆ.

ಮೊದಲ ದಿನ ಬೆಳಗ್ಗೆ ಸಾಲಿನಲ್ಲಿ ನಿಂತು, ತಲೆ ತಗ್ಗಿಸಿ, ಮುನ್ನೂರ ಹದಿನೇಳನ್ನು ಕಿಟಕಿಯೊಳಗೆ ಚಾಚಿದೆ. ತೆಗೆದುಕೊಂಡ ಕೈಯ ಬೆರಳುಗಳಲ್ಲಿ ಎರಡಕ್ಕೆ ಉಗುರಿರಲಿಲ್ಲ. ತಲೆಯೆತ್ತಿದೆ. ಶ್ರೀನಿವಾಸಪ್ಪ ನಿವೃತ್ತಿಯಾಗಿದ್ದರು, ಕಾಲು ಹೋದ ಮೇಸ್ತ್ರಿಗೆ ಮೇಲೆ ಕೂರುವ ಕೆಲಸ ಕೊಟ್ಟಿದ್ದರು. ಕುಪ್ಪಣ್ಣ ನನ್ನನ್ನು ನೋಡಿದ. ನನ್ನ ಹಲ್ಲು ಆಗಲೇ ಕಟಕಟ ಎನ್ನುತ್ತಿತ್ತು. ಅವನು ಸೊಂಟದ ಚೀಲದಿಂದ ಒಂದು ಎಲೆ, ಎರಡು ಚೂರು ಅಡಿಕೆ ತೆಗೆದು ಕಿಟಕಿಯಿಂದ ಆಚೆ ಇಟ್ಟ.

“ಜಗೀತಾ ಇಳಿ. ಸದ್ದು ಕೇಳ್ಸಲ್ಲ,” ಎಂದ.

ಬಿಲ್ಲೆಯನ್ನು ಮಾತ್ರ ಮೊಳೆಗೆ ಹಾಕಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು, ಊರುಗೋಲು ಊರಿ ಬಾಗಿಲವರೆಗೂ ಬಂದು, ನಾನು ಕೇಜ್ ಹತ್ತುವುದನ್ನು ನೋಡುತ್ತ ನಿಂತ. ಬಾಗಿಲು ಹಾಕಿದರು. ಗಂಟೆ ಹೊಡೆಯಿತು. ಜಾಲರಿಯ ಸಂದಿಯಿಂದ ನೋಡಿದೆ: ಅವನು ಈಗ ಹಲಗೆಯ ಕಡೆ ತಿರುಗಿ, ಕೈ ಎತ್ತಿ, ನನ್ನ ಬಿಲ್ಲೆಯನ್ನು ಮೊಳೆಗೆ ಹಾಕುತ್ತಿದ್ದ. ನೆಲ ಕಾಲ ಕೆಳಗಿನಿಂದ ಹೊರಟುಹೋಯಿತು.